ಟೇಬಲ್ ಮ್ಯಾಲೆ ಗಿಡ, ಗಿಡದ ಬಾಜೂಕ ಬೆಕ್ಕು: ಒಂದು ಆನ್‌ಲೈನ್ ಕಾಂಬೋ, ಒಂದು ನರ್ಸರಿ, ನನ್ನ ರಿವ್ಯೂ

ಮೊದ್ಲ ಮಾರ್ಕ್ಸ್ ಹೇಳಿಬಿಡ್ತೀನಿ, ಪೂರಾ ಓದಾಕ ಪುರುಸೊತ್ತಿಲ್ಲದವ್ರ ಸಲುವಾಗಿ. ಆನ್‌ಲೈನ್‌ನ್ಯಾಗ "ಪೆಟ್ ಫ್ರೆಂಡ್ಲಿ ಡೆಸ್ಕ್ ಪ್ಲಾಂಟ್ ಕಾಂಬೋ" ಅಂತ ನಾಲ್ಕು ಗಿಡ ಒಂದ ಡಬ್ಬಿಯೊಳಗ ಹಾಕಿ ಮಾರ್ತಾರಲ್ಲ, ಅದಕ್ಕ ಐದರಾಗ ಎರಡು. ಹುಬ್ಬಳ್ಳಿ-ಧಾರವಾಡ ರಸ್ತೆ ಮ್ಯಾಲೆ ನಾ ಹೋಗೋ ನರ್ಸರಿಗೆ ಮೂರೂವರಿ. ಅದೂ ಹೆಂಗಂದ್ರ ಗಿಡಕ್ಕ ನಾಲ್ಕೂವರಿ, ಗಿಡದ ಬಗ್ಗೆ ಅವ್ರು ಹೇಳೋ ಮಾತಿಗೆ ಎರಡೂವರಿ, ಸರಾಸರಿ ತೆಗದೀನಿ. ಎರಡರ ಹೆಸರೂ ಬರಿಯಂಗಿಲ್ಲ. ನಾ ನೋಡಿದ ಮಟ್ಟಿಗೆ ಬ್ಯಾರೆ ಕಡೇನೂ ಇದ ಹಣೇಬರಹ, ಒಬ್ಬರನ್ನ ಹಿಡದು ಬೈದ್ರ ಏನ ಬಂತು.

ನಂದು ಬೆಂಗಳೂರಿನ ಕಂಪನಿ, ಕೆಲಸ ಮಾಡೋದು ಧಾರವಾಡದ ಮನ್ಯಾಗಿಂದ. ಮ್ಯಾಲಿನ ಖೋಲಿಯೊಳಗ ಪೂರ್ವದ ಕಿಡಕಿಗೆ ಹಚ್ಚಿ ಟೇಬಲ್ ಹಾಕೀನಿ, ಮುಂಜಾನಿ ಹತ್ತರ ತನಕ ಬಿಸಲು ಬೀಳ್ತೈತಿ, ಆಮ್ಯಾಲೆ ಸಂಜಿ ತನಕ ಬರೇ ಬೆಳಕು. ಮಿರ್ಚಿ ಅಂತ ಕೆಂಚ ಬಣ್ಣದ ಬೆಕ್ಕೈತಿ, ಅದರ ಖಾಯಂ ಜಾಗಾ ಮಾನಿಟರ್ ಹಿಂದ, ಅಲ್ಲೆ ಅಡಾಪ್ಟರ್ ಬೆಚ್ಚಗ ಇರ್ತೈತಿ ನೋಡ್ರಿ. ಉದ್ದಕ ತೆಳ್ಳಗ ಏನ ಅಲ್ಲಾಡಿದ್ರೂ ಅದಕ್ಕ ಕಡೀಬೇಕು, ಚಾರ್ಜರ್ ವೈರ್ ಆಗ್ಲಿ ಎಲಿ ಆಗ್ಲಿ. ಟೇಬಲ್ ಕೆಳಗ ರಾಜಾ, ಓಣಿ ನಾಯಿ, ಸಣ್ಣದಿದ್ದಾಗ ಗೇಟಿನ್ಯಾಗ ಬಂದು ಕುಂತಿದ್ದು ಎದ್ದ ಹೋಗ್ಲೇ ಇಲ್ಲ. ಅವಂಗ ಎಲಿ ಗೊಡವಿ ಇಲ್ಲ, ಮಣ್ಣು ಬೇಕು, ಅದರಾಗೂ ಗೊಬ್ಬರದ ವಾಸನಿ ಬಂತಂದ್ರ ಪಾಟ್ ಸಮೇತ ಉರುಳಸ್ತಾನ. ಅಂದ್ರ ನನಗ ಬೇಕಾಗಿದ್ದು ಏನಪ್ಪಾ ಅಂದ್ರ, ಸಣ್ಣ ಗಿಡ, ದಿನಾ ನೀರ ಕೇಳಬಾರ್ದು, ಮೀಟಿಂಗ್ ನಡದಾಗ ಬೆಕ್ಕು ಎರಡ ಎಲಿ ಕಿತ್ತು ನುಂಗಿದ್ರೂ ನಾ ಕುರ್ಚಿಯಿಂದ ಜಿಗದು ಓಡಬಾರ್ದು, ಅಷ್ಟ.

ಕಾಂಬೋ 799 ರೂಪಾಯಿ. ಪ್ಯಾಕಿಂಗ್ ಮಾತ್ರ ಖರೇನ ಚಲೋ ಇತ್ತು, ಮಣ್ಣು ಒಂದಿಷ್ಟೂ ಚೆಲ್ಲಿರ್ಲಿಲ್ಲ, ಎಲಿ ಮುರಿದಿರ್ಲಿಲ್ಲ. ಡಬ್ಬಿ ಮ್ಯಾಲೆ ಬೆಕ್ಕಿನ ಪಂಜಾದ ಚಿತ್ರ, "ನಿಮ್ಮ ಮುದ್ದು ಪ್ರಾಣಿಗೆ ಸುರಕ್ಷಿತ" ಅಂತ ಬರಹ. ಒಳಗ ಸ್ಪೈಡರ್ ಪ್ಲಾಂಟ್, ಪೆಪರೋಮಿಯಾ, ಒಂದು "ಜೇಡ್", ಮತ್ತ ತಿಳಿ ಗುಲಾಬಿ ಬಣ್ಣದ ಎಲಿ ಇರೋ ಸಿಂಗೋನಿಯಂ. ನೋಡಾಕ ನಾಲ್ಕರಾಗ ಭಾಳ ಚೆಂದ ಇದ್ದದ್ದು ಆ ಸಿಂಗೋನಿಯಮ್ಮೇ, ಫೋಟೋದಾಗೂ ಅದ ಮುಂದಿತ್ತು. ಆದ್ರ ಅದು ಪೆಟ್ ಸೇಫ್ ಅಲ್ಲ, ಯಾವ ಲಿಸ್ಟ್ ತಗದ ನೋಡಿದ್ರೂ ಅಲ್ಲ. ಮನಿ ಪ್ಲಾಂಟ್, ಡೀಫನ್‌ಬಾಕಿಯಾ, ಮಾನ್‌ಸ್ಟೆರಾ, ಅಗ್ಲೋನಿಮಾ, ಪೀಸ್ ಲಿಲಿ, ಝೀಝೀ, ಆಂಥೂರಿಯಂ, ಇವೆಲ್ಲಾ ಸಿಂಗೋನಿಯಂದ ಕುಟುಂಬದವ. ನಮ್ಮ ಸುವರ್ಣಗಡ್ಡಿ, ಕೆಸುವಿನ ಎಲಿ ಸೈತ ಅದ ಕುಟುಂಬ. ಸುವರ್ಣಗಡ್ಡಿ ಹೆಚ್ಚಿದಾಗ ಕೈ ಯಾಕ ತುರಸ್ತೈತಿ, ಹುಣಸಿಹಣ್ಣು ಹಾಕದ ಬೇಯ್ಸಿದ್ರ ಗಂಟಲು ಯಾಕ ಕೆರೀತೈತಿ, ಅಂದ್ರ ಅದರೊಳಗ ಕ್ಯಾಲ್ಸಿಯಂ ಆಕ್ಸಲೇಟ್ ಅನ್ನೋ ಸೂಜಿ ಆಕಾರದ ಹರಳು ಇರ್ತಾವ. ಸಿಂಗೋನಿಯಂ ಎಲ್ಯಾಗೂ ಅವ ಇರ್ತಾವ. ಬೆಕ್ಕು ಹಸೀದ ಕಡೀತೈತಿ, ಅದಕ್ಕ ಹುಣಸಿಹಣ್ಣು ಯಾರ ಹಾಕಬೇಕು. ಬಾಯಿ, ನಾಲಗಿ ಉರಿ, ಜೊಲ್ಲು ಸೋರೋದು, ವಾಂತಿ, ನುಂಗಾಕ ತ್ರಾಸ. ಸಾಮಾನ್ಯಾಗಿ ಜೀವ ಹೋಗೋ ಮಾತಲ್ಲ, ಆದ್ರ "ಸುರಕ್ಷಿತ" ಅಂತ ಬರದು ಮಾರೋ ಮಾತೂ ಅಲ್ಲ.

ಕಸ್ಟಮರ್ ಕೇರ್ ಚಾಟ್‌ನ್ಯಾಗ ಕೇಳ್ದೆ. ಆ ಕಡಿಂದ ಬಂದ ಉತ್ತರ ಏನಂದ್ರ, "ಮೇಡಂ, ಪೆಟ್ಸ್ ತಿಂದರೆ ಮಾತ್ರ ತೊಂದರೆ". ಅಲ್ರೀ, ತಿನ್ನಲಿಲ್ಲ ಅಂದ್ರ ಕಣಗಿಲಿನೂ ಸೇಫ್, ಎಕ್ಕಿ ಗಿಡಾನೂ ಸೇಫ್. ಆಮ್ಯಾಲೆ 100 ರೂಪಾಯಿ ಕೂಪನ್ ಕೊಟ್ರು, ಅದೂ ಮುಂದಿನ ಆರ್ಡರ್ 999 ದಾಟಿದ್ರ ಅಷ್ಟ. ಸಿಂಗೋನಿಯಂ ಈಗ ನಮ್ಮ ತಂಗಿ ಮನ್ಯಾಗ ಐತಿ, ಅವ್ರ ಮನ್ಯಾಗ ಮೀನಿನ ತೊಟ್ಟಿ ಬಿಟ್ರ ಬ್ಯಾರೆ ಪ್ರಾಣಿ ಇಲ್ಲ.

"ಜೇಡ್" ಅಂತ ಕಳಿಸಿದ್ದರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಯಾಕಂದ್ರ ಇದ್ರಾಗ ನರ್ಸರಿಯವ್ರೂ ಆನ್‌ಲೈನ್‌ನವ್ರೂ ಇಬ್ಬರೂ ಗೊಂದಲ ಮಾಡ್ತಾರ. ಅಸಲಿ ಜೇಡ್ ಅಂದ್ರ ಕ್ರಾಸುಲಾ ಓವಾಟಾ, ಎಲಿ ದೊಡ್ಡದು, ಹೆಬ್ಬೆರಳಿನ ಉಗುರಿಗಿಂತ ದಪ್ಪ ಮತ್ತ ಅಗಲ, ಕಾಂಡ ದಪ್ಪಗ ಬೂದು ಬಣ್ಣಕ್ಕ ತಿರಗ್ತೈತಿ. ಅದು ನಾಯಿ ಬೆಕ್ಕು ಎರಡಕ್ಕೂ ಆಗಿ ಬರಂಗಿಲ್ಲ, ವಾಂತಿ, ಮಂಕು ಬಡದಂಗ ಕೂಡೋದು. ಆದ್ರ ನಮ್ಮ ಕಡೆ ನರ್ಸರ್ಯಾಗ ಜೇಡ್ ಅಂತ ಹೆಚ್ಚಾಗಿ ಕೊಡೋದು ಪೋರ್ಚುಲಕೇರಿಯಾ ಆಫ್ರಾ. ಅದರ ಎಲಿ ಸಣ್ಣ ದುಂಡಗ, ಎಳೇ ಟೊಂಗಿ ಕೆಂಪಗ ಇರ್ತೈತಿ. ದಕ್ಷಿಣ ಆಫ್ರಿಕಾದಾಗ ಆನಿ ಹಿಂಡ ಹಿಂಡಾಗಿ ಮೇಯೋ ಗಿಡ ಅದು, ಅಲ್ಲೆ ಜನಾನೂ ಹುಳಿ ಸಲುವಾಗಿ ಎಲಿ ತಿಂತಾರ. ನನಗ ಬಂದಿದ್ದು ಇದ, ಹಂಗಾಗಿ ಇಟ್ಕೊಂಡೀನಿ. ಆದ್ರ ಡಬ್ಬಿಯವ್ರಿಗೆ ತಾವು ಯಾವದ ಕಳಿಸೇವಿ ಅನ್ನೋದು ಗೊತ್ತಿತ್ತೋ ಇಲ್ಲೋ, ನನಗ ಅನುಮಾನ ಐತಿ, ಅದಕ್ಕ ಇದರ ಮಾರ್ಕ್ಸ್ ಅವ್ರಿಗೆ ಕೊಡಂಗಿಲ್ಲ.

ಇನ್ನ ನರ್ಸರಿ. ಹುಬ್ಬಳ್ಳಿ-ಧಾರವಾಡ ನಡು ಓಡೋ ಚಿಗರಿ ಬಸ್ಸಿನ್ಯಾಗ ಹ್ವಾದ್ರ ಇಳದು ಸ್ವಲ್ಪ ಹಿಂದಕ್ಕ ನಡೀಬೇಕು, ಗಾಡಿ ಇದ್ರ ಬೇಷ್, ಪಾಟ್ ಹೊತ್ಕೊಂಡು ಬಸ್ ಹತ್ತೋದು ಯಾರಿಗೂ ಬ್ಯಾಡ. ಹಸರು ನೆಟ್ ಕೆಳಗ ಸಾಲಾಗಿ ಗಿಡ, ಮಣ್ಣು ಚಲೋ, ಬೇರು ಬಿಗಿ ಇರ್ತೈತಿ, ಪಾಟಿಗೆ ಕೂಡ್ಲೆ ಬ್ಯಾರೆ ಮಣ್ಣು ಹಾಕೋ ಜರೂರತ್ತಿರಂಗಿಲ್ಲ. ಕೆಲಸದ ಕಾಕಾ ಭಾಳ ಪ್ರೀತಿಲೆ ಮಾತಾಡ್ತಾರ. "ಅಕ್ಕಾರ, ಆಫೀಸ್ ಟೇಬಲ್ಲಿಗೆ ಬೇಕೇನ್ರಿ, ಬರ್ರಿ ಇಲ್ಲೆ" ಅಂತ ಒಂದು ಸಾಲಿಗೆ ಕರಕೊಂಡ ಹೋದ್ರು. ಆ ಸಾಲಿನ್ಯಾಗ ಏನಿತ್ತಂದ್ರ ಮನಿ ಪ್ಲಾಂಟ್, ಸ್ನೇಕ್ ಪ್ಲಾಂಟ್, ಝೀಝೀ, ಲಕ್ಕಿ ಬಾಂಬೂ, ಪೀಸ್ ಲಿಲಿ, ಅಗ್ಲೋನಿಮಾ, ಲೋಳೆಸರ. ಬೆಕ್ಕು ನಾಯಿ ಇರೋ ಮನಿಗೆ ಬ್ಯಾಡ ಅನ್ನೋ ಪಟ್ಟಿ ಬರೀರಿ ಅಂತ ಯಾರರ ನನಗ ಹೇಳಿದ್ರ, ಆ ಸಾಲು ನೋಡ್ಕೊಂಡು ಕಾಪಿ ಹೊಡದ್ರ ಮುಗೀತು.

ಇದು ಕಾಕಾರ ತಪ್ಪಲ್ಲ ಅನ್ನೋದು ನನ್ನ ಲೆಕ್ಕ. ಟೇಬಲ್ ಗಿಡ ಅಂದ್ರ ಮಂದಿ ಕೇಳೋದೇನು, "ನೀರ ಹಾಕೋದು ಮರತ್ರೂ ಸಾಯಬಾರ್ದು". ಮರತ್ರೂ ಸಾಯಲಾರದಂಥಾ ಗಿಡ ನರ್ಸರಿಯೊಳಗ ಯಾವ ಅದಾವ ಅಂತ ನೋಡಿದ್ರ, ನಮ್ಮ ಕಡೆ ಅಗ್ಗದಾಗ ಸಿಗೋವು ಬಹುತೇಕ ಒಂದೋ ಆ ಸುವರ್ಣಗಡ್ಡಿ ಕುಟುಂಬದವ, ಇಲ್ಲಾ ಡ್ರಸೀನಾ ಜಾತಿಯವ. ಸ್ನೇಕ್ ಪ್ಲಾಂಟ್‌ನ ಮೊದ್ಲ ಸ್ಯಾನ್ಸಿವೇರಿಯಾ ಅಂತಿದ್ರು, ಈಗ ಸಸ್ಯಶಾಸ್ತ್ರದವ್ರು ಡ್ರಸೀನಾದೊಳಗ ಸೇರಿಸ್ಯಾರ. ಲಕ್ಕಿ ಬಾಂಬೂ ಅನ್ನೋದು ಬಿದಿರಲ್ಲ, ಡ್ರಸೀನಾ ಸ್ಯಾಂಡೇರಿಯಾನಾ. ಎರಡರಾಗೂ ಸಪೋನಿನ್ ಅಂಶ, ತಿಂದ್ರ ವಾಂತಿ ಭೇದಿ. ಗಿಫ್ಟ್ ಅಂಗಡಿಯೊಳಗ ಗಾಜಿನ ಗ್ಲಾಸಿನ್ಯಾಗ ಲಕ್ಕಿ ಬಾಂಬೂ ಇಟ್ಟು ಮಾರ್ತಾರಲ್ಲ, ಟೇಬಲ್ ಮ್ಯಾಲೆ ಇಟ್ರ ಬೆಕ್ಕು ಆ ಗ್ಲಾಸಿನ ನೀರ ಕುಡೀತೈತಿ, ಎಲಿನೂ ಕಡೀತೈತಿ, ಲಕ್ ಯಾರಿಗೆ ಅಂತ ಗೊತ್ತಾಗಂಗಿಲ್ಲ. ಲೋಳೆಸರ ಮುಖಕ್ಕ ಹಚ್ಕೊಳ್ಳಾಕ ಚಲೋ ಅಂತ ಎಲ್ಲಾರ ಮನ್ಯಾಗೂ ಇರ್ತೈತಿ, ಅದೂ ಬೆಕ್ಕು ನಾಯಿಗೆ ಹೊಟ್ಟಿ ಕೆಡಸ್ತೈತಿ, ಅಂಗಳದಾಗಿರ್ಲಿ ಬಿಡ್ರಿ. ಮನಿ ಪ್ಲಾಂಟಂತೂ ಹೇಳೋದ ಬ್ಯಾಡ, ದಾರೂ ಕುಡಿಯಲಾರದವ್ರ ಮನ್ಯಾಗೂ ದಾರೂ ಬಾಟ್ಲಿಯೊಳಗ ಮನಿ ಪ್ಲಾಂಟ್ ಇರ್ತೈತಿ.

"ಪೆಟ್ ಸೇಫ್ ಯಾವ ಅದಾವ್ರಿ ಕಾಕಾ" ಅಂದ್ರ, "ಎಲ್ಲಾ ಸೇಫ್ ಬಿಡ್ರಿ ಅಕ್ಕಾರ, ನಮ್ಮಲ್ಲೆ ಬೆಕ್ಕು ಓಡಾಡ್ತಾವ, ಏನಾಗಿಲ್ಲ". ಎರಡೂವರಿ ಮಾರ್ಕ್ಸ್ ಬಂದಿದ್ದು ಇಲ್ಲೆ. ನರ್ಸರಿ ಬೆಕ್ಕಿಗೆ ಹೊರಗ ಹುಲ್ಲೈತಿ, ಇಲಿ ಅದಾವ, ಇಡೀ ಬಯಲೈತಿ, ಅದು ಝೀಝೀ ಯಾಕ ತಿಂದೀತು. ಮನ್ಯಾಗ ನಾಲ್ಕು ಗ್ವಾಡಿ ನಡು ಬ್ಯಾಸರಾಗಿ ಕುಂತ ಬೆಕ್ಕಿಗೆ ಟೇಬಲ್ ಮ್ಯಾಲಿನ ಆ ಒಂದ ಗಿಡಾನ ಆಟದ ಸಾಮಾನು. ಇನ್ನೊಂದು, ಎಲ್ಲಾ ಗಿಡಕ್ಕೂ "ಏರ್ ಪ್ಯೂರಿಫೈಯರ್" ಅಂತ ಪಟ್ಟಿ ಅಂಟಸ್ಯಾರ. ಅದರ ಮೂಲ 1989ರಾಗ ನಾಸಾದವ್ರು ಮಾಡಿದ ಒಂದು ಅಧ್ಯಯನ, ಅದನ್ನ ಮುಚ್ಚಿದ ಸಣ್ಣ ಡಬ್ಬಿಯೊಳಗ ಮಾಡಿದ್ರು. 2019ರಾಗ ಬಂದ ವಿಮರ್ಶೆಯೊಳಗ ಲೆಕ್ಕಾ ಹಾಕಿ ಹೇಳ್ಯಾರ, ಕಿಡಕಿ ಬಾಗಲಿನ ಗಾಳಿ ಮಾಡೋ ಅಷ್ಟು ಕೆಲಸ ಗಿಡದಿಂದ ಆಗಬೇಕಂದ್ರ ಒಂದು ಚದರ ಮೀಟರಿಗೆ 10ರಿಂದ 1000 ಗಿಡ ಬೇಕಂತ. ಅಂದ್ರ ಟೇಬಲ್ ತಗದು ಹೊಲಾ ಮಾಡಬೇಕು. ಗಾಳಿ ಬೇಕಂದ್ರ ಕಿಡಕಿ ತಗೀರಿ, ಗಿಡ ಕಣ್ಣಿಗೆ ತಂಪು ಅಂತ ಇಟ್ಕೊಳ್ರಿ, ಅಷ್ಟಕ್ಕೂ ರೊಕ್ಕ ವಸೂಲ ಐತಿ.

ನಾ ನೋಡೋದು ಅಮೆರಿಕಾದ ಎಎಸ್‌ಪಿಸಿಎ ಅನ್ನೋ ಪ್ರಾಣಿ ದಯಾ ಸಂಘದ ಲಿಸ್ಟ್, ಫೋನಿನ್ಯಾಗ ಪುಕಟ ಸಿಗ್ತೈತಿ, ಗಿಡದ ಸಸ್ಯಶಾಸ್ತ್ರದ ಹೆಸರು ಹಾಕಿ ಹುಡಕಬೇಕು. ಅದರ ಮ್ಯಾಲೂ ನಂದೊಂದು ತಕರಾರೈತಿ. ಅದರಾಗ ಮನಿ ಪ್ಲಾಂಟೂ ಟಾಕ್ಸಿಕ್, ಲಿಲಿನೂ ಟಾಕ್ಸಿಕ್, ಎರಡಕ್ಕೂ ಅದ ಒಂದ ಹಣೆಪಟ್ಟಿ. ಬಾಯಿ ಉರಿಯೋದೆಲ್ಲಿ, ಕಿಡ್ನಿ ಹೋಗೋದೆಲ್ಲಿ. ಹಂಗಾಗಿ ನಾ ನಂದ ಒಂದು ರೂಲ್ ಮಾಡ್ಕೊಂಡೀನಿ. ಬಾಯಿ ಉರಿ, ವಾಂತಿ ಮಾಡೋವು ಹಾಲ್‌ನ್ಯಾಗ ಎತ್ತರದಾಗ ತೂಗು ಹಾಕಿ ಇರ್ಲಿ, ಬೆಕ್ಕು ಜಿಗಿಯಲಾರದಂಥಾ ಜಾಗಾ ಇದ್ರ ಅಷ್ಟ. ಕಿಡ್ನಿ, ಲಿವರ್, ಹಾರ್ಟ್ ಹಿಡಿಯೋವು ಮನಿ ಹೊಸ್ತಿಲ ದಾಟಂಗಿಲ್ಲ, ಯಾರ ಗಿಫ್ಟ್ ಕೊಟ್ರೂ.

ಆ ಹೊಸ್ತಿಲ ದಾಟಲಾರದವು ಯಾವಂದ್ರ, ಮೊದ್ಲನೇದು ಲಿಲಿ. ಪೀಸ್ ಲಿಲಿ ಅಲ್ಲ, ಅದು ಹೆಸರಿಗಷ್ಟ ಲಿಲಿ. ಬೊಕೆಯೊಳಗ ಬರ್ತಾವಲ್ಲ, ದೊಡ್ಡ ಬಿಳೀ ಇಲ್ಲಾ ಗುಲಾಬಿ ಬಣ್ಣದ ಹೂವು, ಜೋರ ವಾಸನಿ, ಕೇಸರಿ ಪುಡಿ ಉದರಸ್ತಾವ, ಅವು ಲಿಲಿಯಂ. ಬೆಕ್ಕಿಗೆ ಅದರ ಎಲಿ, ಹೂವು, ಮೈಗೆ ಅಂಟಿದ ಪರಾಗ ನೆಕ್ಕಿದ್ರೂ, ಹೂದಾನಿ ನೀರ ಕುಡದ್ರೂ ಕಿಡ್ನಿ ಫೇಲ್ ಆಗಬಹುದು, ಒಂದೆರಡ ಮೂರ ದಿನದಾಗ. ಡೇ ಲಿಲಿನೂ ಹಂಗ. ಕಂಪನಿಯವ್ರು ವರ್ಕ್ ಆ್ಯನಿವರ್ಸರಿ ಅಂತ ಬೊಕೆ ಕಳಿಸಿದ್ರ ನಾ ಗೇಟಿನ್ಯಾಗ ಬಿಚ್ಚಿ ನೋಡಿ ಲಿಲಿ ಇದ್ರ ಬಾಜೂ ಮನಿ ಕಾಕುಗೆ ಕೊಟ್ಟಬಿಡ್ತೀನಿ, ಅವ್ರು ದೇವರ ಮುಂದ ಇಡ್ತಾರ. ಎರಡನೇದು ಸೈಕಸ್, ನರ್ಸರ್ಯಾಗ ಪಾಮ್ ಸಾಲಿನ್ಯಾಗ ನಿಂತಿರ್ತೈತಿ, ಸಣ್ಣದಿದ್ದಾಗ ಟೇಬಲ್ಲಿಗೂ ಕೊಡ್ತಾರ, ಅದು ಪಾಮ್ ಅಲ್ಲ ಮತ್ತ ನಾಯಿ ಲಿವರ್ ಹಾಳ ಮಾಡ್ತೈತಿ, ಬೀಜ ಅಂತೂ ಇನ್ನೂ ಕೆಟ್ಟ. ಖರೇ ಪಾಮ್ ಬೇಕಂದ್ರ ಅರೆಕಾ ಪಾಮ್ ಇಲ್ಲಾ ಪಾರ್ಲರ್ ಪಾಮ್ ತಗೋರಿ, ಎರಡೂ ಸೇಫ್. ಮೂರನೇದು ಅಡೇನಿಯಂ, ಬುಡ ದಪ್ಪ ಆಗಿ ಬೋನ್ಸಾಯ್ ಗತೆ ಕಾಣ್ತೈತಿ, ಟೆರೇಸ್ ಮ್ಯಾಲೆ ಎಲ್ಲಾರೂ ಬೆಳಸ್ತಾರ, ಅದು ಕಣಗಿಲಿ ಕುಟುಂಬ, ಹಾರ್ಟಿಗೆ ಹೊಡೀತೈತಿ. ಕಲಂಚೋ ಅಂತ ಸಣ್ಣ ಸಣ್ಣ ಗೊಂಚಲ ಹೂವಿನ ಪಾಟ್ ಚಳಿಗಾಲದಾಗ ಎಲ್ಲಾ ಕಡೆ ಬರ್ತೈತಿ, ಟೇಬಲ್ ಮ್ಯಾಲೆ ಇಡಾಕಂತನ ಮಾಡಿದಂಗ ಐತಿ, ಅದೂ ಹಾರ್ಟಿನ ಬಾಬತ್ತು, ಬ್ಯಾಡ.

ಈಗ ನನ್ನ ಟೇಬಲ್ ಮ್ಯಾಲೆ ಉಳದವು. ಸ್ಪೈಡರ್ ಪ್ಲಾಂಟ್ ಒಂದು ಕಾಂಬೋದಾಗ ಬಂತು, ಇನ್ನೊಂದು ನರ್ಸರಿಯಿಂದ 70 ರೂಪಾಯಿಗೆ ತಂದೆ, ನರ್ಸರಿದು ಎರಡ ಪಟ್ಟು ದೊಡ್ಡದು. ಸೇಫ್ ಗಿಡದಾಗ ಇದರಷ್ಟು ಗಟ್ಟಿ ಬ್ಯಾರೆ ನಾ ನೋಡಿಲ್ಲ, ಬೇರಿನ್ಯಾಗ ದಪ್ಪ ಗಡ್ಡಿ ಇರ್ತಾವ, ನೀರ ಕೂಡಿಟ್ಕೋತೈತಿ, ಊರಿಗೆ ಹೋಗಿ ಬಂದ್ರೂ ನಡೀತೈತಿ. ನಮ್ಮಲ್ಲೆ ನಳದಾಗ ಮಲಪ್ರಭಾ ನೀರ ಬಿಡೋದ ದಿನಗಟ್ಲೆ ಬಿಟ್ಟು, ಮನಷ್ಯಾರಿಗೆ ಸಾಲಲಿಲ್ಲ ಅಂದ್ರ ಗಿಡಕ್ಕ ಎಲ್ಲಿಂದ ತರೋದು, ಹಂಗಾಗಿ ಈ ಗುಣಕ್ಕ ನಾ ಪೂರಾ ಮಾರ್ಕ್ಸ್ ಕೊಡ್ತೀನಿ. ಒಂದ ಸಮಸ್ಯೆ, ಬೆಕ್ಕಿಗೆ ಇದು ಭಾಳ ಇಷ್ಟ. ಉದ್ದಕ ಜೋತ ಬಿದ್ದ ಎಲಿ, ತುದಿಗೆ ಮರಿ ಗಿಡ ತೂಗಾಡ್ತಾವ, ಮಿರ್ಚಿಗೆ ಹಬ್ಬ. ವಿಷ ಇಲ್ಲ ಖರೆ, ಆದ್ರ ಒಂದ ಹಿಡಿ ತಿಂದ್ರ ಕಾರ್ಪೆಟ್ ಮ್ಯಾಲೆ ವಾಂತಿ ಗ್ಯಾರಂಟಿ, ನಾನ್ ಟಾಕ್ಸಿಕ್ ಅಂದ್ರ ಊಟ ಅಂತಲ್ಲ. ಎಲಿ ತುದಿ ಕಂದು ಆದ್ರ ನೀರ ಕಡಿಮಿ ಅಂತ ಇನ್ನಷ್ಟ ಸುರಿಬ್ಯಾಡ್ರಿ, ಈ ಗಿಡಕ್ಕ ಫ್ಲೋರೈಡ್ ಆಗಂಗಿಲ್ಲ. ಗದಗ, ಮುಂಡರಗಿ ಕಡೆ ಬೋರ್ ನೀರಿನ್ಯಾಗ ಫ್ಲೋರೈಡ್ ಜಾಸ್ತಿ, ಅಲ್ಲಿಯವ್ರು ಮಳಿ ನೀರ ಹಿಡದಿಟ್ಟು ಹಾಕಿದ್ರ ಚಲೋ. ರಾತ್ರಿ ಬಕೆಟ್ಟಿನ್ಯಾಗ ತಗದಿಟ್ರ ಹೋಗ್ತೈತಿ ಅಂತಾರಲ್ಲ, ಅದು ಕ್ಲೋರಿನ್ ಮಾತು, ಫ್ಲೋರೈಡ್ ಎಲ್ಲೂ ಹೋಗಂಗಿಲ್ಲ.

ಹಾವರ್ಥಿಯಾ, 150 ರೂಪಾಯಿ, ನನ್ನ ಫೇವರಿಟ್. ಲೋಳೆಸರದ ಮರಿ ಗತೆ ಕಾಣ್ತೈತಿ, ಗಾತ್ರ ಮುಷ್ಟಿ ಅಷ್ಟ, ಎಲಿ ಮ್ಯಾಲೆ ಬಿಳೀ ಪಟ್ಟಿ ಮತ್ತ ಗಟ್ಟಿ, ಬೆಕ್ಕು ಒಂದ ಸಲ ಮೂಸಿ ನೋಡಿ ಬಿಟ್ಟಬಿಡ್ತು. ಆದ್ರ ಕಾಕಾರು ಹಾವರ್ಥಿಯಾನೂ ಸಣ್ಣ ಆಲೋನೂ (ಲೋಳೆಸರದ ಜಾತಿ) ಒಂದ ಟ್ರೇದಾಗ ಇಟ್ಟಿರ್ತಾರ, ಹೆಸರ ಕೇಳಿದ್ರ ಎರಡಕ್ಕೂ "ಸಕ್ಯುಲೆಂಟ್". ಎಲಿ ಅಂಚಿಗೆ ಗರಗಸದಂಗ ಮುಳ್ಳ ಇದ್ರ ಆಲೋ ಅಂತ ತಿಳಕೊಂಡು ಬಿಡ್ರಿ, ಗುರ್ತು ಸಿಗಲಿಲ್ಲ ಅಂದ್ರ ಫೋಟೋ ತಗದು ಯಾರಿಗರ ಗೊತ್ತಿದ್ದವ್ರಿಗೆ ತೋರ್ಸಿ ಆಮ್ಯಾಲೆ ತಗೋರಿ. ಮಳಿಗಾಲದಾಗ ನೀರ ಬಂದ್ ಮಾಡಿದ್ರೂ ನಡೀತೈತಿ, ಧಾರವಾಡದ ಜಿಟಿಜಿಟಿ ಮಳಿಯೊಳಗ ಈ ಜಾತಿ ಗಿಡ ಸಾಯೋದು ಬಾಯಾರಿಕಿಂದಲ್ಲ, ಕೊಳತು.

ಪೆಪರೋಮಿಯಾ ದಪ್ಪ ಎಲಿದು, ಒಬ್ಟೂಸಿಫೋಲಿಯಾ ಅನ್ನೋ ಜಾತಿ. ಮನಿ ಪ್ಲಾಂಟಿನ ಚೆಂದ ಬೇಕು, ಬಾಯಿ ಉರಿ ಬ್ಯಾಡ ಅನ್ನೋವ್ರಿಗೆ ಇದ. ಮೆಣಸು, ವೀಳ್ಯದೆಲಿ ಇವರ ಕುಟುಂಬದ್ದು, ಸವಣೂರ ಎಲಿ ನೋಡಿದವ್ರಿಗೆ ಇದರ ಹೊಳಪ ಗುರ್ತು ಹತ್ತೈತಿ. ಕಾಂಬೋದಾಗ ಬಂದದ್ದು ಸಣ್ಣದಿತ್ತು, ಈಗ ಚಿಗರೇತಿ. ನರ್ಸರ್ಯಾಗ 180. ಮಣ್ಣು ಮ್ಯಾಲಿಂದ ಒಣಗಿದ ಮ್ಯಾಲೆ ಅಷ್ಟ ನೀರ, ಅದರ ಎಲ್ಯಾಗೂ ನೀರ ಇರ್ತೈತಿ.

ಫಿಟ್ಟೋನಿಯಾ, ಎಲಿ ಮ್ಯಾಲೆ ಗುಲಾಬಿ ನರ ಇರೋದು, ಸೇಫ್. ಆದ್ರ ನಾಟಕದ ಕಂಪನಿ ನಾಯಕಿ, ಮಧ್ಯಾನ್ನ ನೀರ ಸ್ವಲ್ಪ ತಡಾ ಆದ್ರ ಪೂರಾ ಮಲಗಿಬಿಡ್ತೈತಿ, ನೀರ ಹಾಕಿದ ತಾಸಿನ್ಯಾಗ ಎದ್ದು ಕುಂದರ್ತೈತಿ. ಮೀಟಿಂಗ್ ನಡು ನೋಡಿ ಗಾಬರಿ ಆಗೋವ್ರು ತರಬ್ಯಾಡ್ರಿ. ಕಲೇಥಿಯಾ, ಬೋಸ್ಟನ್ ಫರ್ನ್ ಎರಡೂ ಸೇಫ್ ಪಟ್ಟಿಯೊಳಗ ಅದಾವ, ಎರಡೂ ನೋಡಾಕ ಭಾರಿ, ಜೂನ್‌ದಿಂದ ಅಕ್ಟೋಬರ್ ತನಕ ಧಾರವಾಡದಾಗ ತಾವ ಬೆಳೀತಾವ. ಮಾರ್ಚ್ ಬಂತಂದ್ರ ಮುಗೀತು, ಒಣ ಗಾಳಿ, ಮ್ಯಾಲೆ ಫ್ಯಾನ್, ಅಂಚೆಲ್ಲಾ ಕರಕಲು. ಧಾರವಾಡದಾಗ ಇಷ್ಟು, ಹುಬ್ಬಳ್ಳ್ಯಾಗ ಇನ್ನೂ ಒಣ, ಗದಗಿನ್ಯಾಗ ನಾ ರೆಕಮೆಂಡ್ ಮಾಡಂಗೇ ಇಲ್ಲ. 250 ಕೊಟ್ಟು ಬ್ಯಾಸಗಿಯೊಳಗ ಕಸಕ್ಕ ಹಾಕೋದಕ್ಕಿಂತ ಆ ರೊಕ್ಕದಾಗ ಮೂರು ಸ್ಪೈಡರ್ ಪ್ಲಾಂಟ್ ಬರ್ತಾವ.

ಗಿಡಕ್ಕಿಂತ ಹೆಚ್ಚು ಯಾರೂ ಹೇಳಲಾರದ್ದು ಗೊಬ್ಬರದ ವಿಷಯ. ನರ್ಸರ್ಯಾಗ ಕಾಕಾರು ಪುಕಟ ಒಂದು ಪಾಕೀಟು ಕೊಟ್ರು, "ಹಿಂಡಿ ಮಿಕ್ಸ್ ಅಕ್ಕಾರ, ತಿಂಗಳಿಗೊಂದ ಚಮಚ". ಯಾವ ಹಿಂಡಿ ಅಂತ ಕೇಳ್ದೆ, ಬೇವಿಂದು ಮತ್ತ ಔಡಲದ್ದು ಅಂದ್ರು. ಔಡಲ ಹಿಂಡಿ ವಾಪಸ್ ಕೊಟ್ಟು ಬಂದೆ. ಔಡಲ ಬೀಜದಾಗಿನ ರೈಸಿನ್ ಅನ್ನೋ ವಿಷ ಎಣ್ಣಿಯೊಳಗ ಬರಂಗಿಲ್ಲ, ಹಿಂಡಿಯೊಳಗ ಉಳೀತೈತಿ, ಮತ್ತ ನಾಯಿಗೆ ಆ ವಾಸನಿ ಭಾಳ ರುಚಿ ಅನಸ್ತೈತಿ. ರಾಜಾನಂಥಾ ಮಣ್ಣು ಕೆದ್ರೋ ನಾಯಿ ಇರೋ ಮನ್ಯಾಗ ಸೇಫ್ ಗಿಡ ತಂದು ಅದರ ಬುಡಕ್ಕ ಔಡಲ ಹಿಂಡಿ ಹಾಕಿದ್ರ ಏನ ಉಪಯೋಗ ಆತು. ಎಲುಬಿನ ಪುಡಿನೂ ನಾಯಿ ಕರೀತೈತಿ. ಎರೆಹುಳ ಗೊಬ್ಬರ ಸಾಕು, ಟೇಬಲ್ ಗಿಡಕ್ಕ ಅಷ್ಟೂ ಬೇಕಾಗಂಗಿಲ್ಲ. ಮಣ್ಣಿನ ಮ್ಯಾಲೆ ನಾಯಿ ಬಾಯಿಗೆ ಹಿಡೀಲಾರದಷ್ಟು ದೊಡ್ಡ ಕಲ್ಲ ಇಡ್ರಿ, ಸಣ್ಣ ಬಿಳೀ ಹರಳು ಮಾರ್ತಾರಲ್ಲ, ಅವನ್ನ ನುಂಗ್ತಾವ. ಹೊಸ ಗಿಡ ತಂದ ಕೂಡ್ಲೆ ಟೇಬಲ್ಲಿಗೆ ಏರಿಸಬ್ಯಾಡ್ರಿ, ನರ್ಸರ್ಯಾಗ ಔಷಧ ಹೊಡದಿರ್ತಾರ, ಎಲಿ ಎರಡೂ ಬಾಜು ತೊಳದು ಕೆಲವು ದಿನ ಬಚ್ಚಲ ಕಿಡಕಿಯೊಳಗ ಇಟ್ಟು ಆಮ್ಯಾಲೆ ತರ್ರಿ.

ಬೆಕ್ಕು ಗಿಡದ ಹತ್ರ ಬರಬಾರ್ದಂದ್ರ ಪಾಟಿಗೆ ಬ್ಯಾಡಗಿ ಖಾರದ ಪುಡಿ ಉದರ್ಸು ಅಂತ ಕಾಕು ಹೇಳಿದ್ರು, ಡಾಂಬರ ಗುಳಿಗಿ ಇಡು ಅಂತ ಆಫೀಸಿನವ್ರು ಹೇಳಿದ್ರು. ಎರಡೂ ಬ್ಯಾಡ್ರಿ. ಖಾರ ಪಾದಕ್ಕ ಹತ್ತಿ, ಅದನ್ನ ನೆಕ್ಕಿ, ಕಣ್ಣ ತಿಕ್ಕೊಂಡು ಒದ್ದಾಡ್ತೈತಿ, ಡಾಂಬರ ಗುಳಿಗಿ ಅಂತೂ ಬೆಕ್ಕಿಗೆ ನೇರ ವಿಷ. ಅದಕ್ಕಿಂತ ಅದಕ್ಕಂತನ ಒಂದು ಪಾಟ್ ಬ್ಯಾರೆ ಕೊಡ್ರಿ. ಅಡಗಿ ಮನ್ಯಾಗಿನ ಗೋಧಿ ಒಂದ ಮುಷ್ಟಿ ನೆನೆಹಾಕಿ ಅಗಲ ತಟ್ಟಿಯೊಳಗ ಮಣ್ಣು ಹಾಕಿ ಚೆಲ್ರಿ, ವಾರದಾಗ ಹುಲ್ಲ ಬರ್ತೈತಿ, ಆನ್‌ಲೈನ್‌ನ್ಯಾಗ ಇದನ್ನ "ಕ್ಯಾಟ್ ಗ್ರಾಸ್ ಕಿಟ್" ಅಂತ 300 ರೂಪಾಯಿಗೆ ಮಾರ್ತಾರ, ನಗು ಬರ್ತೈತಿ. ಎರಡ ಎಚ್ಚರಿಕಿ. ಬಿತ್ತೋ ಬೀಜ ತರಬ್ಯಾಡ್ರಿ, ಅದಕ್ಕ ಔಷಧದ ಬಣ್ಣ ಲೇಪಿಸಿರ್ತಾರ, ತಿನ್ನೋ ಕಾಳು ತಗೋರಿ. ಇನ್ನ ಮನ್ಯಾಗ ಜ್ವಾಳ ಐತೆಲ್ಲಾ ಅಂತ ಜ್ವಾಳ ಹಾಕಬ್ಯಾಡ್ರಿ, ಎಳೇ ಜ್ವಾಳದ ಬೆಳಿಯೊಳಗ ಸೈನೈಡ್ ಅಂಶ ಇರ್ತೈತಿ, ದನ ಮೇಯ್ದ್ರ ಸಾಯ್ತಾವ ಅಂತ ನಮ್ಮ ಕಡಿ ರೈತರನ್ನ ಕೇಳಿದ್ರ ಹೇಳ್ತಾರ. ಗೋಧಿ ಹುಲ್ಲು ಬಂದ ಮ್ಯಾಲೆ ಮಿರ್ಚಿ ಸ್ಪೈಡರ್ ಪ್ಲಾಂಟ್ ಗೊಡವಿ ಕಡಿಮಿ ಮಾಡೇತಿ, ಪೂರಾ ಬಿಟ್ಟಿಲ್ಲ.

ಏನರ ತಿಂದಿದ್ದ ಕಂಡ್ರ ಬಾಯಾಗಿನ ಚೂರು ತಗದು, ನೀರಿಲೆ ಬಾಯಿ ಒರಸಿ, ಆ ಗಿಡದ ಟೊಂಗಿ ಒಂದು ಕವರಿನ್ಯಾಗ ಹಾಕ್ಕೊಂಡು ಡಾಕ್ಟರ್ ಕಡೆ ಓಡ್ರಿ, ಬರೇ "ಏನೋ ಎಲಿ ತಿಂದೈತಿ" ಅಂದ್ರ ಅವ್ರರ ಏನ್ ಮಾಡ್ಯಾರು. ಉಪ್ಪಿನ ನೀರ ಕುಡಿಸಿ ವಾಂತಿ ಮಾಡ್ಸಾಕ ಹೋಗಬ್ಯಾಡ್ರಿ, ಉಪ್ಪ ಹೆಚ್ಚಾಗಿ ಅದ ಇನ್ನೊಂದು ಕೇಸ್ ಆಗ್ತೈತಿ. ಲಿಲಿ ಇದ್ರ ಮಾತ್ರ ಬೆಕ್ಕು ಆರಾಮ ಕಂಡ್ರೂ ಕಾಯಬ್ಯಾಡ್ರಿ, ಅದ ದಿನ ಹೋಗ್ರಿ. ನಿಮ್ಮೂರ ದನದ ದವಾಖಾನಿಯೊಳಗ ಬೆಕ್ಕು ನಾಯಿ ನೋಡ್ತಾರೋ ಇಲ್ಲೋ, ಎಷ್ಟರ ತನಕ ತಗದಿರ್ತೈತಿ, ಗಿಡ ತರೂಕಿಂತ ಮೊದ್ಲ ಕೇಳಿಟ್ಕೊಳ್ರಿ. ಗದಗಿನವ್ರಿಗೆ ಅಲ್ಲೆ ಪಶುವೈದ್ಯಕೀಯ ಕಾಲೇಜ ಐತಿ.

ಎಲ್ಲಿ ತಗೋಬೇಕು ಅನ್ನೋವ್ರಿಗೆ: ನರ್ಸರಿಗೇ ಹೋಗ್ರಿ, ಆದ್ರ ಯಾವ ಗಿಡ ಬೇಕು ಅಂತ ಮನ್ಯಾಗ ಬರಕೊಂಡು ಹೋಗ್ರಿ, ಅಲ್ಲೆ ಹೋಗಿ "ಯಾವದ ಚಲೋ" ಅಂತ ಕೇಳಿದ್ರ ಝೀಝೀ ಹೊತ್ಕೊಂಡ ಬರ್ತೀರಿ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳ ಸಾಮಾನ್ಯಾಗಿ ಸಪ್ಟೆಂಬರ್‌ನ್ಯಾಗ ಇರ್ತೈತಿ, ಗಿಡದ ಸ್ಟಾಲ್ ಇರ್ತಾವ, ಗದ್ದಲ ತಡ್ಕೊಳ್ಳೋರು ಅಲ್ಲೂ ಒಂದ ಸುತ್ತ ಹಾಕ್ರಿ. ಕಾಂಬೋ ತರಿಸಬ್ಯಾಡ್ರಿ, ನಾಲ್ಕರಾಗ ಮೂರ ಗಿಡ ನರ್ಸರ್ಯಾಗ 799ರ ಅರ್ಧಕ್ಕ ಸಿಗ್ತಾವ, ನಾಲ್ಕನೇದು ನಿಮಗ ಬೇಕಾಗೇ ಇಲ್ಲ. ನನಗ ಇನ್ನೊಂದು ಪೋನಿಟೇಲ್ ಪಾಮ್ ತರೋದೈತಿ, ಅದೂ ಸೇಫ್, ಬುಡ ದುಂಡಗ, ನೀರ ತಿಂಗಳಗಟ್ಲೆ ಕೇಳಂಗಿಲ್ಲ, ಕಾಕಾರು 450 ಅಂದ್ರು, ತುಟ್ಟಿ ಆತು ಅಂತ ಬಿಟ್ಟು ಬಂದೀನಿ. ಹಾವೇರಿ, ರಾಣೆಬೆನ್ನೂರ ಕಡೆ ಕಡಿಮಿ ರೇಟಿನ್ಯಾಗ ಎಲ್ಲೆರ ಸಿಗ್ತೈತೇನು, ಗೊತ್ತಿದ್ದವ್ರು ಹೇಳ್ರಿ, ರವಿವಾರ ಗಾಡಿ ತಗೊಂಡು ಹೋಗಿ ಬರ್ತೀನಿ.